ಬೆರೋಯದ ಹೆಂಗಸರು ಓದಿದ ರೀತಿ



ವಾರದ ಸಭೆಯಲ್ಲಿ ಲೆಕ್ಕ ಓದುವಾಗ ನೀವು ಹೇಗೆ ಕೂತಿರ್ತೀರಿ ಅನ್ನೋದನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಪ್ರತಿನಿಧಿ ಎದ್ದು ನಿಂತು ಉಳಿತಾಯ ಇಷ್ಟು, ಸಾಲ ಮರುಪಾವತಿ ಇಷ್ಟು, ಕೈಯಲ್ಲಿರುವ ನಗದು ಇಷ್ಟು ಎಂದು ಓದುತ್ತಾಳೆ. ಆಕೆ ನಿಮ್ಮ ಗೆಳತಿ, ನಂಬಿಕಸ್ಥಳು. ಆದರೂ ನೀವು ನಿಮ್ಮ ಪಾಸ್‌ಬುಕ್ ತೆಗೆದು ನೋಡ್ತೀರಿ. ಹತ್ತು ರೂಪಾಯಿ ವ್ಯತ್ಯಾಸ ಕಂಡರೂ ಕೇಳ್ತೀರಿ. ಇದರಿಂದ ಪ್ರತಿನಿಧಿಗೆ ಅವಮಾನವಾಯಿತು ಎಂದು ಯಾರೂ ತಿಳಿಯುವುದಿಲ್ಲ. ಆದರೆ ಬೈಬಲ್ ವಿಷಯ ಬಂದಾಗ ನಾವು ಬೇರೆಯವರೇ ಆಗಿಬಿಡುತ್ತೇವೆ. ಯಾರಾದರೂ ಗಟ್ಟಿ ದನಿಯಲ್ಲಿ "ಬೈಬಲಿನಲ್ಲೇ ಬರೆದಿದೆ" ಎಂದರೆ ಸಾಕು, ತಲೆ ತಗ್ಗಿಸಿ ಸುಮ್ಮನಾಗುತ್ತೇವೆ. ಎಲ್ಲಿ ಬರೆದಿದೆ, ಅದರ ಹಿಂದೆ ಏನಿದೆ, ಮುಂದೆ ಏನಿದೆ ಎಂದು ಪುಸ್ತಕ ತೆಗೆದು ನೋಡುವವರು ಕಡಿಮೆ.

ಹಾಗೆ ತೆಗೆದು ನೋಡಿದ ಒಂದು ಊರಿನ ಜನರ ಬಗ್ಗೆ ಈ ತಿಂಗಳ ಪಾಠ. ನಮ್ಮ ಸಂಘಗಳಲ್ಲಿ ಎಲ್ಲಾ ಧರ್ಮದ ಸಹೋದರಿಯರೂ ಇದ್ದಾರೆ. ಪಾಠ ಬೈಬಲ್ ಓದುವವರಿಗಾಗಿ ಬರೆದದ್ದು. ಆದರೆ ಶಾಸ್ತ್ರದ ಹೆಸರಿನಲ್ಲಿ ಹೆಣ್ಣಿನ ಬಾಯಿ ಮುಚ್ಚಿಸುವುದು ಒಂದೇ ಧರ್ಮದ ಮನೆಯಲ್ಲಿ ನಡೆಯುವ ಸಂಗತಿಯಲ್ಲವಲ್ಲ, ಆದ್ದರಿಂದ ಉಳಿದವರೂ ಕೂತು ಕೇಳಬಹುದು.

ಪ್ರೇಷಿತರ ಕಾರ್ಯಕಲಾಪಗಳು, 17ನೇ ಅಧ್ಯಾಯ, 10ರಿಂದ 15ನೇ ವಚನಗಳನ್ನು ತೆರೆಯಿರಿ. ಸಂತ ಪೌಲರು ಮತ್ತು ಸೀಲರು ಥೆಸಲೋನಿಕ ಎಂಬ ದೊಡ್ಡ ಪಟ್ಟಣದಲ್ಲಿ ಮೂರು ಸಬ್ಬತ್ ದಿನ ಶಾಸ್ತ್ರದ ಆಧಾರದಿಂದ ಬೋಧಿಸಿದರು. ಅಲ್ಲಿ ಕೆಲವರು ನಂಬಿದರು. ಕೆಲವರು ಹೊಟ್ಟೆಕಿಚ್ಚಿನಿಂದ ಪೇಟೆಯ ಪುಂಡರನ್ನು ಸೇರಿಸಿ ಗಲಾಟೆ ಎಬ್ಬಿಸಿ, ಯಾಸೋನನ ಮನೆಗೆ ನುಗ್ಗಿದರು. ಆಗ ವಿಶ್ವಾಸಿಗಳು ಪೌಲರನ್ನೂ ಸೀಲರನ್ನೂ ರಾತ್ರೋರಾತ್ರಿ ಬೆರೋಯಕ್ಕೆ ಕಳುಹಿಸಿಕೊಟ್ಟರು. ಇದು ಈಗಿನ ಗ್ರೀಸ್ ದೇಶದ ವೇರಿಯ ಎಂಬ ಊರು. ರೋಮಿನವರ ದೊಡ್ಡ ಹೆದ್ದಾರಿಯಿಂದ ಒಳಗೆ, ಬೆಟ್ಟದ ಬುಡದಲ್ಲಿತ್ತು. ಸಿಸಿರೋ ಎಂಬ ರೋಮಿನ ಪ್ರಸಿದ್ಧ ವಾಗ್ಮಿ ಇದನ್ನು ದಾರಿ ಬಿಟ್ಟು ಒಳಗಿರುವ ಊರು ಎಂದೇ ಕರೆದಿದ್ದ. ನಮ್ಮ ಕಡೆ ಬಸ್ಸು ಮೇನ್ ರೋಡಿನಲ್ಲೇ ಇಳಿಸಿ ಹೋಗುವ ಊರುಗಳಿಲ್ಲವೇ, ಹಾಗೆ.

ಈ ಒಳಗಿನ ಊರಿನ ಜನರನ್ನೇ ಸಂತ ಲೂಕರು ಹೊಗಳುತ್ತಾರೆ. ಅವರು ಎರಡು ಕೆಲಸ ಮಾಡಿದರಂತೆ. ಪೌಲರ ಮಾತನ್ನು ಪೂರ್ತಿ ಆಸಕ್ತಿಯಿಂದ ಬರಮಾಡಿಕೊಂಡರು. ಆಮೇಲೆ, ಅವರು ಹೇಳಿದ್ದು ಹೌದೋ ಅಲ್ಲವೋ ಎಂದು ಪ್ರತಿದಿನ ಶಾಸ್ತ್ರವನ್ನು ಪರೀಕ್ಷಿಸಿ ನೋಡಿದರು. ಯಾರ ಮಾತನ್ನು ಪರೀಕ್ಷಿಸಿದರು ಗಮನಿಸಿ. ಸಾಕ್ಷಾತ್ ಸಂತ ಪೌಲರ ಮಾತನ್ನು! ಅದಕ್ಕೆ ಪೌಲರು ಸಿಟ್ಟಾದರು ಎಂದು ಎಲ್ಲೂ ಬರೆದಿಲ್ಲ.

ಇಲ್ಲಿ ಎರಡು ಮೂಲ ಪದಗಳನ್ನು ಹೇಳಲೇಬೇಕು. ಪರೀಕ್ಷಿಸಿದರು ಎನ್ನುವುದಕ್ಕೆ ಲೂಕರು ಬಳಸಿರುವ ಗ್ರೀಕ್ ಪದ ಕೋರ್ಟಿನ ವಿಚಾರಣೆಗೆ ಬಳಸುತ್ತಿದ್ದ ಪದ. ಪಿಲಾತನು ಯೇಸುಸ್ವಾಮಿಯನ್ನು ವಿಚಾರಣೆ ಮಾಡಿದ್ದಕ್ಕೂ ಲೂಕರು ಅದೇ ಪದ ಬಳಸಿದ್ದಾರೆ (ಲೂಕ 23:14). ಅಂದರೆ ಮೇಲೆ ಮೇಲೆ ಕಣ್ಣಾಡಿಸುವುದಲ್ಲ, ಸಾಕ್ಷಿ ಕೇಳುವುದು, ಹಿಂದು ಮುಂದು ವಿಚಾರಿಸುವುದು. ಇನ್ನೊಂದು, ಬೆರೋಯದವರು ಥೆಸಲೋನಿಕದವರಿಗಿಂತ ಉದಾತ್ತರು, ಸದ್ಗುಣಿಗಳು ಎನ್ನುವ ಮಾತು. ಮೂಲದಲ್ಲಿ ಆ ಪದದ ಅರ್ಥ ಒಳ್ಳೆಯ ಕುಲದಲ್ಲಿ ಹುಟ್ಟಿದವರು ಎಂದು. ಆದರೆ ಲೂಕರು ಅದನ್ನು ಹುಟ್ಟಿಗೆ ಹೇಳಲಿಲ್ಲ, ಕೇಳಿ ವಿಚಾರಿಸುವ ಮನಸ್ಸಿಗೆ ಹೇಳಿದರು. ಕುಲದ ಲೆಕ್ಕದಲ್ಲೇ ಮನುಷ್ಯರನ್ನು ತೂಗುವ ನಮ್ಮ ನಾಡಿನಲ್ಲಿ ಇದನ್ನು ಎರಡು ಸಲ ಓದಬೇಕು.

ಪ್ರತಿದಿನ ಎನ್ನುವುದೂ ಸಣ್ಣ ಮಾತಲ್ಲ. ಆಗ ಮುದ್ರಣ ಇರಲಿಲ್ಲ. ಶಾಸ್ತ್ರವನ್ನು ಕೈಯಿಂದ ನಕಲು ಮಾಡಿದ ಉದ್ದನೆಯ ಸುರುಳಿಗಳಿದ್ದವು. ಅವು ಬಹಳ ದುಬಾರಿ, ಸಾಮಾನ್ಯರ ಮನೆಯಲ್ಲಿ ಇರುತ್ತಿರಲಿಲ್ಲ, ಪ್ರಾರ್ಥನಾಮಂದಿರದಲ್ಲಿ ಇಟ್ಟಿರುತ್ತಿದ್ದರು. ಓದಬೇಕೆಂದರೆ ಎದ್ದು ಹೋಗಬೇಕು, ನಾಲ್ಕು ಜನ ಸೇರಬೇಕು, ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಿ ಮಾತಾಡಬೇಕು. ಆದ್ದರಿಂದ "ಸಿಸ್ಟರ್, ನನಗೆ ಓದೋಕೆ ಬರಲ್ಲ, ಬೈಬಲ್ ಅಧ್ಯಯನ ನನಗ್ಯಾಕೆ" ಎನ್ನುವ ಅಕ್ಕಂದಿರಿಗೆ ನಾನು ಹೇಳುವುದು ಇಷ್ಟೇ: ಆ ಕಾಲದ ಬಹಳ ಜನ ಕಿವಿಯಿಂದಲೇ ಶಾಸ್ತ್ರ ತಿಳಿದುಕೊಂಡವರು. ಪ್ರಶ್ನೆ ಕೇಳುವುದಕ್ಕೆ ಅಕ್ಷರ ಬೇಕಾಗಿಲ್ಲ.

ಹೀಗೆ ಪರೀಕ್ಷಿಸಿದ್ದರಿಂದ ವಿಶ್ವಾಸ ಕಡಿಮೆಯಾಯಿತೇ? 12ನೇ ವಚನ ನೋಡಿ. ಅನೇಕರು ವಿಶ್ವಾಸಿಗಳಾದರು. ಅವರಲ್ಲಿ ಗ್ರೀಕರ ಗಣ್ಯ ಮಹಿಳೆಯರೂ ಪುರುಷರೂ ಇದ್ದರು. ಮೂಲದಲ್ಲಿ ಮಹಿಳೆಯರ ಹೆಸರು ಮೊದಲು ಬರುತ್ತದೆ. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಬೆಜಾ ಪ್ರತಿ ಎಂಬ ಒಂದು ಬಹಳ ಹಳೆಯ ಕೈಬರಹದ ಗ್ರಂಥವಿದೆ. ಅದರಲ್ಲಿ ಈ ವಚನವನ್ನು ತಿರುಗಿಸಿ ಗಂಡಸರನ್ನು ಮುಂದಕ್ಕೆ ತಂದಿದ್ದಾರೆ! ನಕಲು ಮಾಡಿದವರಲ್ಲಿ ಯಾರಿಗೋ ಹೆಂಗಸರು ಮೊದಲು ಬಂದದ್ದು ಸರಿಕಾಣಲಿಲ್ಲವೋ ಏನೋ. ಬೇರೆ ಹಳೆಯ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ವಿದ್ವಾಂಸರಿಂದಾಗಿ ಈ ವ್ಯತ್ಯಾಸ ಗೊತ್ತಾಯಿತು. ಪರೀಕ್ಷೆ ಮಾಡಿದ್ದರಿಂದಲೇ ನಮ್ಮವರ ಜಾಗ ನಮಗೆ ಉಳಿಯಿತು.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ನಾನು ಸಂಘದ ಸಭೆಗಳಲ್ಲಿ ಅತಿ ಹೆಚ್ಚು ಕೇಳಿದ ವಚನ ಒಂದಿದೆ. ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಎನ್ನುವುದು. ಕುಡಿದು ಬಂದು ಹೊಡೆಯುವವನೂ ಇದನ್ನೇ ಹೇಳುತ್ತಾನೆ, ಸಹಿಸಿಕೋ ಎನ್ನುವ ಅತ್ತೆಯೂ ಇದನ್ನೇ ಹೇಳುತ್ತಾಳೆ. ಹೊಡೆತ ತಿಂದವಳೂ "ದೇವರ ವಾಕ್ಯವೇ ಹಾಗಿದೆಯಲ್ಲಾ ಸಿಸ್ಟರ್" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ. ಬನ್ನಿ, ಬೆರೋಯದವರ ಹಾಗೆ ತೆಗೆದು ನೋಡೋಣ.

ಎಫೆಸದವರಿಗೆ ಬರೆದ ಪತ್ರ, 5ನೇ ಅಧ್ಯಾಯ. ಎಲ್ಲರೂ ಹೇಳುವುದು 22ನೇ ವಚನ. ನೀವು 21ರಿಂದ ಓದಿ. ಅಲ್ಲಿ ಒಬ್ಬರಿಗೊಬ್ಬರು ಅಧೀನರಾಗಿರಿ ಎಂದು ಎಲ್ಲರಿಗೂ ಹೇಳಿದೆ. ಅತಿ ಹಳೆಯ ಗ್ರೀಕ್ ಪ್ರತಿಗಳಲ್ಲಿ 22ನೇ ವಚನಕ್ಕೆ ಸ್ವಂತ ಕ್ರಿಯಾಪದವೇ ಇಲ್ಲ. ಅಧೀನರಾಗಿರಿ ಎನ್ನುವುದನ್ನು ಅದು 21ರಿಂದಲೇ ಸಾಲ ತೆಗೆದುಕೊಳ್ಳುತ್ತದೆ. ಎರಡೂ ಸೇರಿ ಒಂದೇ ವಾಕ್ಯ. ನಾವು ಅದನ್ನು ಎರಡು ತುಂಡು ಮಾಡಿ, ಮೊದಲ ತುಂಡನ್ನು ಬಿಸಾಡಿ, ಎರಡನೆಯದನ್ನು ಹೆಣ್ಣಿನ ಮೇಲೆ ಹೊರಿಸಿದ್ದೇವೆ. ಕೆಲವು ಬೈಬಲುಗಳಲ್ಲಿ ಈ ಎರಡರ ಮಧ್ಯೆ ಒಂದು ತಲೆಬರಹ ಅಚ್ಚು ಹಾಕಿರುತ್ತಾರೆ. ನಿಮ್ಮ ಬೈಬಲಿನಲ್ಲಿ ಎಲ್ಲಿದೆ ನೋಡಿ. ತಲೆಬರಹ ದೇವರ ವಾಕ್ಯವಲ್ಲ, ಅಚ್ಚು ಹಾಕಿಸಿದವರು ಅನುಕೂಲಕ್ಕೆ ಇಟ್ಟದ್ದು. ವಚನದ ಸಂಖ್ಯೆಗಳೂ ಹಾಗೆಯೇ. ಹೊಸ ಒಡಂಬಡಿಕೆಗೆ ಈಗಿರುವ ವಚನ ಸಂಖ್ಯೆ ಬಂದದ್ದು 1551ರಲ್ಲಿ, ರೊಬೆರ್ ಎಸ್ತಿಯೆನ್ ಎಂಬ ಮುದ್ರಕನಿಂದ. ಹುಡುಕುವುದಕ್ಕೆ ಸಂಖ್ಯೆ ಬೇಕು, ಅರ್ಥವನ್ನು ಕತ್ತರಿಸುವುದಕ್ಕಲ್ಲ.

ಮುಂದಕ್ಕೆ ಓದಿ. ಹೆಂಡತಿಗೆ ಹೇಳಿದ್ದು ಮೂರು ವಚನ. 25ರಿಂದ ಗಂಡನ ಸರದಿ, ಅದು 33ರವರೆಗೂ ಹೋಗುತ್ತದೆ. ಕ್ರಿಸ್ತರು ಧರ್ಮಸಭೆಗಾಗಿ ಪ್ರಾಣ ಕೊಟ್ಟ ಹಾಗೆ ಗಂಡ ಹೆಂಡತಿಯನ್ನು ಪ್ರೀತಿಸಬೇಕು, ಸ್ವಂತ ಮೈಯನ್ನು ನೋಡಿಕೊಂಡ ಹಾಗೆ ಅವಳನ್ನು ಸಾಕಿ ಸಲಹಬೇಕು. ತನ್ನ ಕೈಯನ್ನು ತಾನೇ ಮುರಿದುಕೊಳ್ಳುವವನು ಇದ್ದಾನೆಯೇ? ಹೆಂಡತಿಗೆ ಹೊಡೆಯುವುದಕ್ಕೆ ಈ ಅಧ್ಯಾಯದಲ್ಲಿ ಒಂದು ಅಕ್ಷರದ ಆಧಾರವೂ ಸಿಗುವುದಿಲ್ಲ.

ಇನ್ನೂ ಸ್ವಲ್ಪ ಮುಂದೆ, 6ನೇ ಅಧ್ಯಾಯದ 5ನೇ ವಚನದಲ್ಲಿ, ದಾಸರು ಯಜಮಾನರಿಗೆ ವಿಧೇಯರಾಗಿರಬೇಕು ಎಂದಿದೆ. ಅಂದಿನ ರೋಮಿನ ಮನೆಗಳಲ್ಲಿ ಕೊಂಡು ತಂದ ದಾಸರಿದ್ದರು, ಪತ್ರ ಬರೆದದ್ದು ಅಂಥ ಮನೆಗಳಿಗೆ. ಈ ವಚನ ತೋರಿಸಿ ಇವತ್ತು ಯಾರಾದರೂ ಜೀತ ಸರಿ ಎಂದರೆ ಒಪ್ಪುತ್ತೇವೆಯೇ? ನಮ್ಮ ದೇಶದಲ್ಲಿ 1976ರ ಕಾಯಿದೆಯಿಂದ ಜೀತ ಅಪರಾಧ. ಅದೇ ಪತ್ರದ ಒಂದು ಮಾತನ್ನು ಆ ಕಾಲದ್ದು ಎಂದು ಅರ್ಥ ಮಾಡಿಕೊಂಡು, ಪಕ್ಕದ ಮಾತನ್ನು ಮಾತ್ರ ದೊಣ್ಣೆಯ ಹಾಗೆ ಹಿಡಿಯುವುದು ನ್ಯಾಯವಲ್ಲ. ಇದು ಸಿಸ್ಟರ್ ತಲೆಯಿಂದ ಹುಟ್ಟಿದ್ದು ಅಂದುಕೊಳ್ಳಬೇಡಿ. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯು ದೈವವಾಕ್ಯದ ಬಗ್ಗೆ ಹೊರಡಿಸಿದ ದಾಖಲೆಯಲ್ಲಿ, ಬರೆದವರ ಉದ್ದೇಶವನ್ನೂ ಅವರ ಕಾಲದ ರೀತಿನೀತಿಯನ್ನೂ ಗಮನಿಸಿ ಅರ್ಥ ಮಾಡಿಕೊಳ್ಳಬೇಕು ಎಂದಿದೆ. ಎಲ್ಲಾ ವಿಶ್ವಾಸಿಗಳಿಗೂ ಬೈಬಲ್ ಸುಲಭವಾಗಿ ಸಿಗಬೇಕೆಂದೂ ಅದರಲ್ಲೇ ಇದೆ. ಸಂತ ಎರಡನೇ ಜಾನ್ ಪೌಲರು 1988ರಲ್ಲಿ ಮಹಿಳೆಯರ ಘನತೆಯ ಬಗ್ಗೆ ಬರೆದ ಪತ್ರದಲ್ಲಿ ಇದೇ ಎಫೆಸದವರ ಅಧ್ಯಾಯವನ್ನು ತೆಗೆದುಕೊಂಡು, ಅಧೀನತೆ ಒಂದು ಕಡೆಯದಲ್ಲ, ಪರಸ್ಪರವಾದದ್ದು ಎಂದು ವಿವರಿಸಿದ್ದಾರೆ. ಹೊಡೆತ ತಿನ್ನುತ್ತಿರುವ ಸಹೋದರಿ ನಿಮ್ಮ ಸಂಘದಲ್ಲಿದ್ದರೆ ಈ ಭಾಗವನ್ನು ಅವಳ ಜೊತೆ ಕೂತು ಓದಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಇದೆ ಎಂದು, 181 ಮಹಿಳಾ ಸಹಾಯವಾಣಿಗೆ ಫೋನ್ ಮಾಡಬಹುದು ಎಂದು ಅದೇ ಉಸಿರಿನಲ್ಲಿ ತಿಳಿಸಿ.

ಪರೀಕ್ಷೆ ಅಂದ ಮೇಲೆ ನಮಗೆ ಇಷ್ಟವಾದ ವಚನಗಳನ್ನೂ ಬಿಡುವ ಹಾಗಿಲ್ಲ. ಸಂಖ್ಯಾಕಾಂಡ 27ನೇ ಅಧ್ಯಾಯ ನಮ್ಮ ಸಂಘಗಳಿಗೆ ಬಹಳ ಪ್ರಿಯ. ಚಲ್ಪಹಾದನ ಐದು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲದ ತಂದೆಯ ಆಸ್ತಿ ತಮಗೆ ಸಿಗಬೇಕೆಂದು ಮೋಶೆ ಮತ್ತು ಎಲ್ಲಾ ಮುಖಂಡರ ಎದುರು ನಿಂತು ಕೇಳಿದರು. ದೇವರು ಅವರ ಮಾತು ನ್ಯಾಯ ಎಂದರು. ಇಲ್ಲಿಗೆ ಚಪ್ಪಾಳೆ ತಟ್ಟಿ ಪುಸ್ತಕ ಮುಚ್ಚಬೇಡಿ. 36ನೇ ಅಧ್ಯಾಯವನ್ನೂ ಓದಿ. ಅಲ್ಲಿ ಕುಲದ ಹಿರಿಯರು ಬಂದು ತಕರಾರು ಮಾಡಿ, ಆ ಹುಡುಗಿಯರು ತಮ್ಮ ಕುಲದೊಳಗೇ ಮದುವೆಯಾಗಬೇಕು ಎನ್ನುವ ಷರತ್ತು ಬಂತು. ಭೂಮಿ ಸಿಕ್ಕಿತು, ಕಟ್ಟೂ ಬಂತು. ಪೂರ್ತಿ ಓದಿದವಳಿಗೆ ಮಾತ್ರ ಎರಡೂ ತಿಳಿಯುತ್ತದೆ.

ಉಳಿದ ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಹಣವೇ ಎಲ್ಲಾ ಕೇಡಿಗೆ ಮೂಲ ಎಂದು ಹೇಳಿ ಹೆಂಗಸರ ಉಳಿತಾಯವನ್ನು ಹಂಗಿಸುವವರಿದ್ದಾರೆ. 1 ತಿಮೊಥೇಯ 6:10 ತೆಗೆಯಿರಿ, ಅಲ್ಲಿರುವುದು ಹಣವಲ್ಲ, ಹಣದ ಮೋಹ. ಬಡವರು ಯಾವಾಗಲೂ ಇರುತ್ತಾರೆ ಎಂದು ಕೈ ಚೆಲ್ಲುವವರಿಗೆ ಧರ್ಮೋಪದೇಶಕಾಂಡ 15:11 ತೋರಿಸಿ, ಆದ್ದರಿಂದಲೇ ಕೈ ಬಿಚ್ಚಿ ಕೊಡಬೇಕು ಎಂದು ಅದೇ ವಚನ ಮುಂದುವರಿಯುತ್ತದೆ. ಮಗ್ದಲದ ಮರಿಯಳನ್ನು ವೇಶ್ಯೆ ಎಂದು ಯಾವ ಶುಭಸಂದೇಶವೂ ಹೇಳುವುದಿಲ್ಲ, ಲೂಕ 8:2 ನೋಡಿ. ಆ ಗೊಂದಲ ದೊಡ್ಡದಾಗಿ ಬೆಳೆದದ್ದು 591ರ ಸುಮಾರಿಗೆ ಒಬ್ಬ ಪೋಪರ ಪ್ರಸಂಗದ ನಂತರ. 2016ರಲ್ಲಿ ಪೋಪ್ ಫ್ರಾನ್ಸಿಸರು ಜುಲೈ 22ರ ಅವಳ ಸ್ಮರಣೆಯನ್ನು ಹಬ್ಬದ ದರ್ಜೆಗೆ ಏರಿಸಿದರು. ಮೊಬೈಲಿನಲ್ಲಿ ಹೂವಿನ ಚಿತ್ರದ ಜೊತೆ ಬರುವ ವಚನಗಳಲ್ಲಿ ಕೆಲವು ಬೈಬಲಿನಲ್ಲಿ ಇರುವುದೇ ಇಲ್ಲ, ಹತ್ತು ಜನಕ್ಕೆ ಕಳಿಸುವ ಮುಂಚೆ ಒಮ್ಮೆ ಹುಡುಕಿ.

ಹಾಗಂತ ಬಲಿಪೂಜೆಯ ಮಧ್ಯೆ ಎದ್ದು ನಿಂತು ಫಾದರ್ ಜೊತೆ ವಾದಕ್ಕೆ ಇಳಿಯಿರಿ ಎಂದು ನಾನು ಹೇಳುತ್ತಿಲ್ಲ! ಬೆರೋಯದವರ ಮೊದಲ ಗುಣ ಆಸಕ್ತಿ. ಕೊರತೆ ಹುಡುಕುವುದಕ್ಕೆಂದೇ ಓದುವವರಿಗೆ ಕೊರತೆ ಮಾತ್ರ ಸಿಗುತ್ತದೆ. ಕೇಳುವ ರೀತಿಗೆ 18ನೇ ಅಧ್ಯಾಯದ ಪ್ರಿಸ್ಕಿಲ್ಲಳನ್ನು ನೋಡಿ. ಅಲೆಕ್ಸಾಂಡ್ರಿಯದ ಅಪೊಲ್ಲೋಸ್ ದೊಡ್ಡ ಪಂಡಿತ, ಒಳ್ಳೆಯ ಮಾತುಗಾರ. ಆದರೆ ಅವನಿಗೆ ಗೊತ್ತಿದ್ದದ್ದು ಯೊವಾನ್ನನ ಸ್ನಾನದೀಕ್ಷೆ ಮಾತ್ರ. ಡೇರೆ ಹೊಲಿಯುವ ಕಸುಬಿನ ಈ ಹೆಂಗಸು ಮತ್ತು ಅವಳ ಗಂಡ ಅಕ್ವಿಲ ಅವನನ್ನು ಜನರ ಎದುರು ಹೀಯಾಳಿಸಲಿಲ್ಲ. ತಮ್ಮೊಂದಿಗೆ ಕರೆದುಕೊಂಡು ಹೋಗಿ ಇನ್ನೂ ಸರಿಯಾಗಿ ವಿವರಿಸಿದರು. ಪಂಡಿತನೂ ಕೇಳಿದ.

ನಿಮ್ಮ ಸಂಘದಲ್ಲಿ ಹೀಗೆ ಮಾಡಬಹುದು. ಸಾಲ ವಸೂಲಿ, ನಡಾವಳಿ ಎಲ್ಲಾ ಮುಗಿದ ಮೇಲೆ, ಇರಲು ಇಷ್ಟವಿರುವವರು ಅರ್ಧ ಗಂಟೆ ಕೂತುಕೊಳ್ಳಿ. ಉಳಿದವರನ್ನು ಬಲವಂತ ಮಾಡಬೇಡಿ, ಸಾಲಕ್ಕೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ. ಒಂದು ವಚನವಲ್ಲ, ಪೂರ್ತಿ ಒಂದು ಭಾಗ ಓದಿ. ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದ್ದು ಎಂದು ಕೇಳಿಕೊಳ್ಳಿ. ಪುಟದ ಕೆಳಗಿನ ಟಿಪ್ಪಣಿ ಬಿಡಬೇಡಿ. ಪಕ್ಕದ ಮನೆಯ ಪ್ರೊಟೆಸ್ಟೆಂಟ್ ಅಕ್ಕನ ಬೈಬಲನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಅದರಲ್ಲಿ 66 ಗ್ರಂಥಗಳು, ನಮ್ಮದರಲ್ಲಿ 73. ಅಷ್ಟಕ್ಕೇ ಜಗಳ ಬೇಡ, ಕನ್ನಡದ ಪದಗಳು ಎಲ್ಲಿ ಬೇರೆಯಾಗಿವೆ ಎಂದು ನೋಡಿದರೆ ಬಹಳ ವಿಷಯ ಹೊಳೆಯುತ್ತದೆ. ಬಗೆಹರಿಯದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಫಾದರ್ ಬಳಿಯೋ ಉಪದೇಶಿಯ ಬಳಿಯೋ ಕೇಳಿ. ಉತ್ತರ ಬಂದ ಮೇಲೆ ಅದನ್ನೂ ಪುಸ್ತಕ ತೆಗೆದು ನೋಡಿ.

ಈ ತಿಂಗಳ ಚರ್ಚೆಗೆ: ಬೈಬಲಿನಲ್ಲಿದೆ ಎಂದು ಹೇಳಿ ನಿಮ್ಮನ್ನು ಸುಮ್ಮನಾಗಿಸಿದ ಒಂದು ಮಾತನ್ನು ಪ್ರತಿಯೊಬ್ಬರೂ ನೆನಪು ಮಾಡಿಕೊಂಡು ಬನ್ನಿ. ಅದು ಎಲ್ಲಿದೆ ಎಂದು ಸೇರಿ ಹುಡುಕಿ, ಸಿಕ್ಕಿದರೆ ಅದರ ಹಿಂದಿನ ಹತ್ತು ವಚನ, ಮುಂದಿನ ಹತ್ತು ವಚನ ಗಟ್ಟಿಯಾಗಿ ಓದಿ. ಓದು ಬಾರದವರು ಇದ್ದರೆ ನಿಧಾನವಾಗಿ ಎರಡು ಸಲ ಓದಿ, ಮೊದಲ ಪ್ರಶ್ನೆ ಅವರೇ ಕೇಳಲಿ.