ನಿಜವಾದ ಚುನಾವಣೆ ಯಾವತ್ತು ನಡೀತು?

ನ್ಯೂಯಾರ್ಕ್ ನಗರದ ಮೇಯರ್ ಚುನಾವಣೆ ನಡೆದದ್ದು 2021ರ ನವೆಂಬರ್ 2ರಂದು. ಡೆಮಾಕ್ರಟಿಕ್ ಪಕ್ಷದ ಎರಿಕ್ ಆಡಮ್ಸ್ ಸುಮಾರು ಮೂರನೇ ಎರಡರಷ್ಟು ಮತ ಪಡೆದು ಗೆದ್ದರು. ಅದರಲ್ಲಿ ಆಶ್ಚರ್ಯ ಏನೂ ಇರಲಿಲ್ಲ. ಯಾಕಂದ್ರೆ ಮುಂದಿನ ಮೇಯರ್ ಯಾರು ಅನ್ನೋದು ಜುಲೈನಲ್ಲೇ ಹೆಚ್ಚುಕಮ್ಮಿ ಗೊತ್ತಾಗಿತ್ತು. ಜೂನ್ 22ರಂದು ನಡೆದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಆಡಮ್ಸ್ ಗೆದ್ದದ್ದು ಬರೀ 7,197 ಮತಗಳಿಂದ. ಹಾಗಾದ್ರೆ ಆ ಊರಿನ ನಿಜವಾದ ಚುನಾವಣೆ ಯಾವುದು? ಈ ಪ್ರಶ್ನೆ ಇಟ್ಕೊಂಡು, ಒಂದೇ ಪಕ್ಷ ಬಲವಾಗಿರೋ ಊರಲ್ಲಿ ಪ್ರೈಮರಿ ಹೇಗೆ ಕೆಲಸ ಮಾಡುತ್ತೆ ಅಂತ ನೋಡೋಣ.

ಟಿಕೆಟ್‌ಗೇ ಒಂದು ಚುನಾವಣೆ

ನಮ್ಮಲ್ಲಿ ಪಾಲಿಕೆ ಚುನಾವಣೆ ಬಂದ್ರೆ ಟಿಕೆಟ್ ಯಾರಿಗೆ ಅಂತ ಪಕ್ಷದ ನಾಯಕರು ತೀರ್ಮಾನ ಮಾಡ್ತಾರೆ. ಬಿ ಫಾರಂ ಯಾರ ಕೈಗೆ ಬಂತೋ ಅವರೇ ಅಭ್ಯರ್ಥಿ. ಅಮೆರಿಕದಲ್ಲಿ ಆ ಟಿಕೆಟ್ ಯಾರಿಗೆ ಅನ್ನೋದನ್ನೂ ಸಾಮಾನ್ಯವಾಗಿ ಮತದಾರರೇ ಮತ ಹಾಕಿ ನಿರ್ಧರಿಸ್ತಾರೆ. ಅದೇ ಪ್ರೈಮರಿ. ಕೆಲವು ರಾಜ್ಯಗಳಲ್ಲಿ ಯಾವ ಮತದಾರರು ಬೇಕಾದ್ರೂ ಯಾವುದಾದರೂ ಒಂದು ಪಕ್ಷದ ಪ್ರೈಮರಿಯಲ್ಲಿ ಮತ ಹಾಕಬಹುದು. ನ್ಯೂಯಾರ್ಕ್‌ನಲ್ಲಿ ಹಾಗಿಲ್ಲ. ಮತದಾರರಾಗಿ ಹೆಸರು ನೋಂದಾಯಿಸುವಾಗ ಯಾವ ಪಕ್ಷ ಅಂತ ಬರೆದಿದ್ದೀರೋ ಆ ಪಕ್ಷದ ಪ್ರೈಮರಿಗೆ ಮಾತ್ರ ಪ್ರವೇಶ. ಪಕ್ಷ ಬದಲಾಯಿಸಬೇಕಂದ್ರೆ ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು.

ನಗರದ ಮತದಾರರಲ್ಲಿ ಸುಮಾರು ಮೂರನೇ ಎರಡು ಭಾಗ ಡೆಮಾಕ್ರಟಿಕ್ ಅಂತ ನೋಂದಾಯಿಸಿಕೊಂಡವರು. ಆದ್ದರಿಂದ ಅವರ ಪ್ರೈಮರಿ ಗೆದ್ದವರು ಬಹುತೇಕ ಮೇಯರ್ ಆದ ಹಾಗೇ. ಯಾವ ಪಕ್ಷಕ್ಕೂ ಸೇರದ ಲಕ್ಷಾಂತರ ಜನ ಆ ದಿನ ಮನೇಲೇ ಕೂರಬೇಕು. ಮತ ಹಾಕಬಹುದಾದವರಲ್ಲೂ ಸುಮಾರು ಮುಕ್ಕಾಲು ಪಾಲು ಜನ ಬರಲಿಲ್ಲ. ಎಂಬತ್ತು ಲಕ್ಷಕ್ಕೂ ಹೆಚ್ಚು ಜನ ಇರುವ ನಗರದಲ್ಲಿ ಬಿದ್ದ ಮತ ಸುಮಾರು 9.4 ಲಕ್ಷ.

ಎಣಿಕೆಯ ಅಲ್ಗಾರಿದಮ್

ಆ ವರ್ಷ ಕಣದಲ್ಲಿ 13 ಜನ ಇದ್ದರು. ಇಷ್ಟು ಜನ ಇದ್ದಾಗ ಮತ ಹಂಚಿಹೋಗಿ ಯಾರೋ ಒಬ್ಬರು ಮೂವತ್ತು ಪರ್ಸೆಂಟ್‌ಗೇ ಗೆದ್ದುಬಿಡಬಹುದು. ಅದನ್ನು ತಪ್ಪಿಸೋಕೆ ಮತದಾರರಿಗೆ ಐದು ಜನರ ತನಕ ಆದ್ಯತೆಯ ಕ್ರಮದಲ್ಲಿ ಆರಿಸೋ ಅವಕಾಶ ಕೊಟ್ಟಿದ್ದರು. ಪ್ರತಿ ಸುತ್ತಿನಲ್ಲೂ ಕಡಿಮೆ ಮತ ಬಂದವರು ಔಟ್. ಅವರ ಮತಗಳು ಆ ಮತದಾರರ ಮುಂದಿನ ಆಯ್ಕೆಗೆ ಹೋಗ್ತವೆ. ಇಬ್ಬರು ಉಳಿಯೋ ತನಕ ಲೂಪ್ ಓಡುತ್ತೆ.

ಮೊದಲ ಆಯ್ಕೆಯಲ್ಲಿ ಆಡಮ್ಸ್‌ಗೆ 30.7%, ಮಾಯಾ ವೈಲಿಗೆ 21.4%, ಕ್ಯಾಥರಿನ್ ಗಾರ್ಸಿಯಾಗೆ 19.6% ಬಂದಿತ್ತು. ಎಂಟನೇ ಸುತ್ತಿಗೆ ಬಂದಾಗ ವೈಲಿ ಹೊರಗೆ, ಮೂರನೇ ಸ್ಥಾನದಲ್ಲಿದ್ದ ಗಾರ್ಸಿಯಾ ಫೈನಲ್‌ನಲ್ಲಿ! ಆದ್ರೆ ಸುಮಾರು 1.4 ಲಕ್ಷ ಜನ ಬರೆದಿದ್ದ ಎಲ್ಲಾ ಹೆಸರುಗಳೂ ಅಷ್ಟೊತ್ತಿಗೆ ಔಟ್ ಆಗಿದ್ದವು. ಅವರ ಮತ ಕೊನೆಯ ಸುತ್ತಿಗೆ ತಲುಪಲೇ ಇಲ್ಲ. ಗೆಲುವಿನ ಅಂತರ 7,197 ಅನ್ನೋದು ನೆನಪಿರಲಿ.

ಇನ್ನೊಂದು ವಿಷಯ ನಮ್ಮಂಥವರಿಗೆ ಪಾಠ. ಜೂನ್ 29ರಂದು ಪ್ರಕಟಿಸಿದ ಎಣಿಕೆಯನ್ನು ಚುನಾವಣಾ ಮಂಡಳಿ ವಾಪಸ್ ತಗೋಬೇಕಾಯ್ತು. ಸಾಫ್ಟ್‌ವೇರ್ ಪರೀಕ್ಷೆಗೆ ಬಳಸಿದ್ದ ಸುಮಾರು 1.35 ಲಕ್ಷ ಮತಗಳನ್ನು ಅಳಿಸೋದನ್ನೇ ಮರೆತಿದ್ದರು. ಟೆಸ್ಟ್ ಡೇಟಾ ಕ್ಲಿಯರ್ ಮಾಡಿ ಅಂತ ಲ್ಯಾಬ್‌ನಲ್ಲಿ ಹೇಳೋದು ಸುಮ್ಮನೆ ಅಲ್ಲ.

ಬಾಗಿಲಲ್ಲಿ ನಿಲ್ಲಿಸಿದಾಗ

ಸ್ಪರ್ಧೆ ಪ್ರೈಮರಿಗೆ ಜಾರಿದ್ರೆ ಹಕ್ಕನ್ನೂ ಅಲ್ಲೇ ಕಸಿಯಬಹುದು. ಒಂದು ಕಾಲದಲ್ಲಿ ಟೆಕ್ಸಾಸ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ್ದೇ ಏಕಸ್ವಾಮ್ಯ. ಪಕ್ಷ ಖಾಸಗಿ ಸಂಘ ಅನ್ನೋ ನೆಪದಲ್ಲಿ ಕಪ್ಪು ಜನರನ್ನು ಪ್ರೈಮರಿಯಿಂದ ಹೊರಗಿಟ್ಟಿದ್ದರು. ನವೆಂಬರ್‌ನಲ್ಲಿ ಮತ ಹಾಕಿ, ಯಾರು ಬೇಡ ಅಂದ್ರು? ಅಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. 1944ರಲ್ಲಿ ಸ್ಮಿತ್ ವರ್ಸಸ್ ಆಲ್‌ರೈಟ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದು ಸಂವಿಧಾನಬಾಹಿರ ಅಂದಿತು.

ಆದರೆ ಅದೇ ರಾಜ್ಯದ ಫೋರ್ಟ್ ಬೆಂಡ್ ಕೌಂಟಿಯಲ್ಲಿ ಪ್ರೈಮರಿಗೂ ಮೊದಲೇ ಇನ್ನೊಂದು ಮತದಾನ ನಡೀತಿತ್ತು. 1889ರಲ್ಲಿ ಶುರುವಾದ 'ಜೇಬರ್ಡ್' ಅನ್ನೋ ಬಿಳಿಯರ ಸಂಘ ಅದನ್ನು ತನ್ನದೇ ಖರ್ಚಿನಲ್ಲಿ ನಡೆಸುತ್ತಿತ್ತು. ಅಲ್ಲಿ ಗೆದ್ದವರು ಪ್ರೈಮರಿಯಲ್ಲೂ ಆಮೇಲೆ ಚುನಾವಣೆಯಲ್ಲೂ ಬಹುತೇಕ ಯಾವಾಗಲೂ ಗೆಲ್ಲುತ್ತಿದ್ದರು. 1953ರಲ್ಲಿ ಕೋರ್ಟ್ ಇದನ್ನೂ ತಡೆಯಿತು. ನೆಪಕ್ಕೆ ಖಾಸಗಿ ಸಂಘ, ಆದರೆ ಅಧಿಕಾರಿಗಳನ್ನು ಆರಿಸುತ್ತಿದ್ದದ್ದು ಅದೇ ತಾನೇ!

ಯಾವಾಗಲೂ ಹೀಗೇನಾ?

ಇಲ್ಲ. 2021ರಲ್ಲೇ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ಇಂಡಿಯಾ ವಾಲ್ಟನ್ ಪ್ರೈಮರಿಯಲ್ಲಿ ಹಾಲಿ ಮೇಯರ್ ಬೈರನ್ ಬ್ರೌನ್ ಅವರನ್ನು ಸೋಲಿಸಿದರು. ನವೆಂಬರ್‌ನ ಮತಪತ್ರದಲ್ಲಿ ಮೇಯರ್ ಸ್ಥಾನಕ್ಕೆ ಇದ್ದದ್ದು ವಾಲ್ಟನ್ ಹೆಸರು ಮಾತ್ರ. ಆದರೂ ಬ್ರೌನ್ ಬೆಂಬಲಿಗರು ಖಾಲಿ ಜಾಗದಲ್ಲಿ ಅವರ ಹೆಸರು ಸೇರಿಸಿ ಗೆಲ್ಲಿಸಿಬಿಟ್ಟರು.

ನಮ್ಮ ರಾಜ್ಯದಲ್ಲೂ ಒಂದು ಸಲ ಪ್ರೈಮರಿ ನಡೆದಿದೆ. 2014ರ ಲೋಕಸಭೆ ಚುನಾವಣೆಗೆ ಕಾಂಗ್ರೆಸ್ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡದಲ್ಲಿ ತನ್ನ ಕಾರ್ಯಕರ್ತರಿಂದ ಮತ ಹಾಕಿಸಿ ಅಭ್ಯರ್ಥಿಗಳನ್ನು ಆರಿಸಿತು. ಎರಡೂ ಕಡೆ ಗೆದ್ದದ್ದು ಬಿಜೆಪಿ. ಅಂದ್ರೆ ಪ್ರೈಮರಿಗೆ ತಾನಾಗೇ ಶಕ್ತಿ ಇಲ್ಲ. ಪಕ್ಷದ ಗೆಲುವು ಖಚಿತ ಇದ್ದ ಕಡೆ ಮಾತ್ರ ಅದೇ ನಿಜವಾದ ಚುನಾವಣೆ ಆಗುತ್ತೆ.

ನಮ್ಮಲ್ಲಿ ಹೆಚ್ಚಿನವರು ಈಗಷ್ಟೇ ವೋಟರ್ ಐಡಿ ಮಾಡಿಸಿಕೊಂಡವರು. ಬೆರಳಿಗೆ ಶಾಯಿ ಹಚ್ಚೋ ದಿನ ಒಂದೇ ಚುನಾವಣೆ ಅಂದ್ಕೊಂಡಿದ್ದೀವಿ. ಯಾವ ವಾರ್ಡಿನಲ್ಲಿ ಒಂದೇ ಪಕ್ಷ ಪದೇ ಪದೇ ಗೆಲ್ಲುತ್ತೋ ಅಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳೋಣ: ಟಿಕೆಟ್ ತೀರ್ಮಾನ ಆಗೋ ದಿನ ಆ ಕೋಣೆಯಲ್ಲಿ ಯಾರಿದ್ದರು?