ಮೇಷ್ಟ್ರು ಸರಿಯಿಲ್ಲವೆಂದು ಕಾಲೇಜು ಬಿಡುವ ಮುನ್ನ

‘ಆ ಲೆಕ್ಚರರ್ ಗೈಡ್ ನೋಡಿ ನೋಟ್ಸ್ ಬರೆಸ್ತಾರೆ ಅಷ್ಟೇ, ಒಂದಕ್ಷರ ತಲೆಗೆ ಹೋಗಲ್ಲ. ಕೋರ್ಸೇ ಬಿಟ್ಟುಬಿಡೋಣ ಅನ್ನಿಸಿದೆ.’ ಸೆಮಿಸ್ಟರ್ ಶುರುವಾದ ಕೆಲವೇ ವಾರಗಳಲ್ಲಿ ಈ ಮಾತು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಬಿಡುವುದಕ್ಕೆ ಕಾನೂನಿನ ಅಡ್ಡಿಯೇನೂ ಇಲ್ಲ. ಆದರೆ ಕಟ್ಟಿದ ಶುಲ್ಕದಲ್ಲಿ ಎಷ್ಟು ವಾಪಸ್ ಬರುತ್ತದೆ ಎಂಬುದಕ್ಕೂ ಪಾಠ ಹೇಗಿತ್ತು ಎಂಬುದಕ್ಕೂ ಸಂಬಂಧವಿಲ್ಲ. ಅದನ್ನು ತೀರ್ಮಾನಿಸುವುದು ನೀವು ಅರ್ಜಿ ಕೊಟ್ಟ ತಾರೀಖು.

ಬೇಸರ ಒಂದು ಐಚ್ಛಿಕ ವಿಷಯದ ಬಗ್ಗೆ ಮಾತ್ರವಿದ್ದರೆ, ವಿಷಯ ಬದಲಿಸಿಕೊಳ್ಳಲು ಕಡೆಯ ದಿನ ಯಾವುದೆಂದು ಕಾಲೇಜು ಕಚೇರಿಯಲ್ಲಿ ಕೇಳಿ, ಅದರೊಳಗೆ ಪ್ರಾಂಶುಪಾಲರಿಗೆ ಪತ್ರ ಕೊಡಿ. ಕಡ್ಡಾಯ ವಿಷಯವಾದರೆ ಸೆಕ್ಷನ್ ಬದಲಾವಣೆ ಕೇಳಬಹುದು. ಒಬ್ಬ ಮೇಷ್ಟ್ರಿಗಾಗಿ ಒಂದು ವರ್ಷ ಕಳೆದುಕೊಳ್ಳುವುದು ಜಾಣತನವಲ್ಲ ಎಂಬುದು ನನ್ನ ಅಭಿಪ್ರಾಯ.

ಇಡೀ ಕೋರ್ಸನ್ನೇ ಬಿಡುವುದಾದರೆ ಯುಜಿಸಿ 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆ ನೆನಪಿರಲಿ. ಪ್ರವೇಶಾತಿಯ ಅಧಿಕೃತ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮೊದಲೇ ಬಿಟ್ಟರೆ ಪೂರ್ತಿ ಶುಲ್ಕ ವಾಪಸ್ ಬರಬೇಕು. ಸಂಸ್ಕರಣಾ ವೆಚ್ಚವೆಂದು ಶೇ. 5ರಷ್ಟು, ಗರಿಷ್ಠ 5,000 ರೂಪಾಯಿ ಮಾತ್ರ ಹಿಡಿಯಬಹುದು. ಕೊನೆಯ ದಿನಾಂಕಕ್ಕೆ 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಶೇ. 90, ದಿನಾಂಕ ಮುಗಿದ 15 ದಿನದೊಳಗಾದರೆ ಶೇ. 80, 30 ದಿನದೊಳಗಾದರೆ ಶೇ. 50. ಆಮೇಲೆ ಶೂನ್ಯ. ಠೇವಣಿ ಹಣ ಮಾತ್ರ ಪೂರ್ತಿ ಬರುತ್ತದೆ. ಲಿಖಿತ ಅರ್ಜಿ ಕೊಟ್ಟ 15 ದಿನದೊಳಗೆ ಹಣ ಕೈಸೇರಬೇಕು. ಕೆಲವು ವರ್ಷ ಯುಜಿಸಿ ಇನ್ನೂ ಉದಾರವಾಗಿ ನಡೆದುಕೊಂಡಿದೆ. 2024-25ರಲ್ಲಿ ಸೆಪ್ಟೆಂಬರ್ 30ರವರೆಗೂ ಪೂರ್ತಿ ಮರುಪಾವತಿಗೆ ಸೂಚಿಸಿತ್ತು. ಹಾಗಾಗಿ ಆಯಾ ವರ್ಷದ ಸುತ್ತೋಲೆ ನೋಡಬೇಕು. ಎಂಜಿನಿಯರಿಂಗ್‌ನಂಥ ತಾಂತ್ರಿಕ ಕೋರ್ಸುಗಳಿಗೆ ಎಐಸಿಟಿಇ ನಿಯಮ ಬೇರೆಯೇ ಇದೆ.

ಮೂಲ ಅಂಕಪಟ್ಟಿಯನ್ನು, ಟಿಸಿಯನ್ನು ಕಾಲೇಜು ಒತ್ತೆ ಇಟ್ಟುಕೊಳ್ಳುವಂತಿಲ್ಲ. ‘ಉಳಿದ ವರ್ಷಗಳ ಫೀ ಕಟ್ಟಿ, ದಾಖಲೆ ಕೊಡ್ತೀವಿ’ ಎಂಬ ಮಾತಿಗೆ ಇದೇ ಅಧಿಸೂಚನೆ ಉತ್ತರ: ಪರಿಶೀಲಿಸಿ ಮೂಲ ಪ್ರತಿ ಹಿಂದಿರುಗಿಸಬೇಕು.

ಇನ್ನು ಪಾಠದ ದೂರು. 2023ರ ಯುಜಿಸಿ ವಿದ್ಯಾರ್ಥಿ ಕುಂದುಕೊರತೆ ನಿಯಮಾವಳಿಯು, ಪ್ರವೇಶದ ವೇಳೆ ಭರವಸೆ ಕೊಟ್ಟ ಗುಣಮಟ್ಟದ ಶಿಕ್ಷಣ ಸಿಗದಿರುವುದನ್ನೂ ದೂರಿನ ವಿಷಯವೆಂದೇ ಒಪ್ಪುತ್ತದೆ. ಕಾಲೇಜಿನ ಕುಂದುಕೊರತೆ ಸಮಿತಿ 15 ಕೆಲಸದ ದಿನಗಳಲ್ಲಿ ಶಿಫಾರಸು ಸಹಿತ ವರದಿ ಕೊಡಬೇಕು. ಅದು ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್ ಬಳಿ ಮೇಲ್ಮನವಿ. ಅವರಿಗಿರುವ ಗಡುವು 30 ದಿನ.

ದೂರು ಬರೆಯುವ ರೀತಿಯಲ್ಲೇ ಅರ್ಧ ಕೆಲಸವಿದೆ. ‘ಸರ್‌ಗೆ ಪಾಠ ಮಾಡಲು ಬರುವುದಿಲ್ಲ’ ಎಂದು ಬರೆದರೆ ಅದು ಅಭಿಪ್ರಾಯ, ಸಮಿತಿ ಪಕ್ಕಕ್ಕಿಡುತ್ತದೆ. ‘ವೇಳಾಪಟ್ಟಿಯ ಪ್ರಕಾರ ಈ ತಿಂಗಳು 16 ತರಗತಿ ಆಗಬೇಕಿತ್ತು, ನಡೆದದ್ದು 7, ಎರಡನೇ ಘಟಕ ಆರಂಭವೇ ಆಗಿಲ್ಲ, ತಪ್ಪಿದ ತರಗತಿಗಳ ದಿನಾಂಕ ಲಗತ್ತಿಸಿದೆ’ ಎಂದು ಬರೆದರೆ ಹಾಜರಿ ಪುಸ್ತಕ ತೆರೆಯಲೇಬೇಕಾಗುತ್ತದೆ. ಇಂಟರ್ನಲ್ಸ್ ಅಂಕಕ್ಕೆ ಕತ್ತರಿ ಬೀಳುವ ಭಯವಿದ್ದರೆ ಹಲವರು ಸೇರಿ ಸಹಿ ಹಾಕಿ. ಕಚೇರಿಯಲ್ಲಿ ಇನ್‌ವರ್ಡ್ ನಂಬರ್ ಮತ್ತು ಸೀಲು ಹಾಕಿಸಿಕೊಂಡ ಪ್ರತಿ ನಿಮ್ಮ ಬಳಿ ಇರಲಿ. ಸುಳ್ಳು ದೂರೆಂದು ಕಂಡರೆ ದೂರುದಾರರ ಮೇಲೂ ಕ್ರಮಕ್ಕೆ ಶಿಫಾರಸು ಮಾಡುವ ಅಧಿಕಾರ ಒಂಬುಡ್ಸ್‌ಪರ್ಸನ್‌ಗಿದೆ. ಸರ್ಕಾರಿ, ಅನುದಾನಿತ ಕಾಲೇಜಾದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ ತರಗತಿಗಳ ದಾಖಲೆ ಕೇಳಬಹುದು. ಉತ್ತರಕ್ಕೆ 30 ದಿನದ ಗಡುವಿದೆ.

ಇಲ್ಲೇ ಹಲವರು ಎಡವುವುದು. ಸಮಿತಿ ಏನು ಹೇಳುತ್ತದೋ ನೋಡೋಣ ಎಂದು ಕಾಯುವಷ್ಟರಲ್ಲಿ ಶುಲ್ಕ ಮರುಪಾವತಿಯ 30 ದಿನ ಕಳೆದಿರುತ್ತದೆ. ದೂರು ಕೊಟ್ಟ ಮಾತ್ರಕ್ಕೆ ಆ ಗಡುವು ನಿಲ್ಲುವುದಿಲ್ಲ. ಶೇ. 80ರ ಹಂತ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಇರುವುದೋ ಬಿಡುವುದೋ ಅದಕ್ಕೆ ಮುಂಚೆ ತೀರ್ಮಾನಿಸಿ.

‘ಗ್ರಾಹಕರ ನ್ಯಾಯಾಲಯಕ್ಕೆ ಹೋಗ್ತೀವಿ’ ಎನ್ನುವವರಿಗೆ ಒಂದು ಮಾತು. ಶಿಕ್ಷಣ ಮಾರಾಟದ ಸರಕಲ್ಲ ಎಂದು ಪಿ.ಟಿ. ಕೋಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿತು. 2020ರಲ್ಲಿ ಮನು ಸೋಲಂಕಿ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಕಾಲೇಜುಗಳನ್ನು ಗ್ರಾಹಕ ಕಾನೂನಿನಿಂದ ಹೊರಗಿಟ್ಟಿತು; ಕೋಚಿಂಗ್ ಕೇಂದ್ರಗಳನ್ನು ಮಾತ್ರ ಒಳಗೇ ಉಳಿಸಿತು. ಪಾಠದ ಗುಣಮಟ್ಟಕ್ಕಾಗಿ ಈ ದಾರಿ ಹಿಡಿಯುವುದು ಸದ್ಯಕ್ಕೆ ದಂಡ.

ಶುಲ್ಕ ಅಥವಾ ದಾಖಲೆ ಕೊಡದೆ ಸತಾಯಿಸಿದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ವಿದ್ಯಾರ್ಥಿನಿಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಸಹಾಯವಾಣಿ ಸಂಖ್ಯೆ 15100.