ಸರ್ವರ್ ಇಲ್ಲವೆಂದರೆ ಕರಾರು ಕೇಳಿ

ಹೋದ ಶ್ರಾವಣದಲ್ಲಿ ಒಂದು ಖಾತೆ ನಕಲಿಗಾಗಿ ನಮ್ಮ ಕಡೆಯ ಒಂದು ಕಚೇರಿಗೆ ಮೂರು ಸಲ ಅಲೆದೆ. ಮೂರನೇ ಸಲ ಕಿಟಕಿಗೆ ಒಂದು ರಟ್ಟು ತೂಗುಹಾಕಿದ್ದರು. ಪೆನ್ನಿನಿಂದ ಎರಡೆರಡು ಬಾರಿ ತಿದ್ದಿ ದಪ್ಪ ಮಾಡಿದ ಅಕ್ಷರ: ‘ಸರ್ವರ್ ಇಲ್ಲ’. ರಟ್ಟಿನ ಅಂಚು ಸವೆದಿತ್ತು. ದಾರ ಕಟ್ಟುವ ತೂತು ಹರಿದು, ಪಕ್ಕದಲ್ಲಿ ಇನ್ನೊಂದು ತೂತು ಕೊರೆದಿದ್ದರು. ಅಂದರೆ ಆ ಬೋರ್ಡು ಅಂದು ಬರೆದದ್ದಲ್ಲ, ಬಹಳ ದಿನ ದುಡಿದದ್ದು. ನನ್ನ ಹಿಂದೆ ನಿಂತಿದ್ದ ಮಲೇಬೆನ್ನೂರು ಕಡೆಯ ಅಜ್ಜ, ‘ನಿನ್ನೆ ಮಳಿ ಜೋರಿತ್ತಲ್ಲ, ಅದ್ಕಾ ಹೋಗಿರ್ಬೇಕು ಬಿಡ್ರಿ’ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ನಾನು ಮೊಬೈಲಿನಲ್ಲಿ ಆ ರಟ್ಟಿನ ಫೋಟೊ ತೆಗೆದುಕೊಂಡು ಬಂದೆ.

ಸರ್ವರ್ ಹೋಗುವುದನ್ನು ನಾವು ಮಳೆ ಬಿಸಿಲಿನ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೇವೆ. ಆದರೆ ಆ ಸರ್ವರ್, ಅದರ ಸಾಫ್ಟ್‌ವೇರ್, ಕೌಂಟರಿನಲ್ಲಿ ಕೂತ ಆಪರೇಟರ್, ಕೇಬಲ್ ಎಳೆದವನು, ಇವರಲ್ಲಿ ಬಹುಪಾಲು ಜನ ಯಾವುದೋ ಟೆಂಡರಿನ ಮೂಲಕ ಬಂದವರು. ಅದಕ್ಕೊಂದು ಕರಾರುಪತ್ರ ಇರುತ್ತದೆ. ತಿಂಗಳಲ್ಲಿ ಎಷ್ಟು ಹೊತ್ತು ವ್ಯವಸ್ಥೆ ನಡೆಯಲೇಬೇಕು, ಕೆಟ್ಟರೆ ಎಷ್ಟು ಗಂಟೆಯಲ್ಲಿ ಸರಿಪಡಿಸಬೇಕು, ತಪ್ಪಿದರೆ ಬಿಲ್ಲಿನಲ್ಲಿ ಎಷ್ಟು ದಂಡ ಕಡಿಯಬೇಕು ಎಂಬುದನ್ನು ಇಂಥ ಕರಾರುಗಳಲ್ಲಿ ಬರೆದಿರುತ್ತಾರೆ. ಕಚೇರಿಯವರು ಇದಕ್ಕೆ ‘ಎಸ್‌ಎಲ್‌ಎ’ ಎನ್ನುತ್ತಾರೆ. ನಾವು ಸೇವಾ ಮಟ್ಟದ ಒಪ್ಪಂದ ಎನ್ನೋಣ.

ಹರಿಹರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾದಂದಿನಿಂದ ಲೇತ್ ಯಂತ್ರದ ಸದ್ದು ಕೇಳಿ ಬೆಳೆದ ಊರದು. ಲೇತ್ ಕೊಳ್ಳುವವನು ಓಡಿಸಿ ನೋಡುತ್ತಾನೆ, ಬಿಡಿಭಾಗ ಎಲ್ಲಿ ಸಿಗುತ್ತದೆಂದು ಕೇಳುತ್ತಾನೆ, ಗ್ಯಾರಂಟಿ ಕಾಗದ ಪೆಟ್ಟಿಗೆಯಲ್ಲಿ ಇಡುತ್ತಾನೆ. ಸಾಫ್ಟ್‌ವೇರನ್ನು ಮುಟ್ಟಿ ನೋಡಲು ಬರುವುದಿಲ್ಲ, ಹೀಗಾಗಿ ಅಲ್ಲಿ ಕಾಗದವೇ ಯಂತ್ರ. ಆ ಕಾಗದವನ್ನು ಓದುವ ಹಕ್ಕು ನಮಗಿದೆ ಎನ್ನುವುದಷ್ಟೇ ಈ ಲೇಖನದ ಹುರುಳು.

ಮೊದಲು ಖರೀದಿಯ ಕಾಯ್ದೆ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999. ಕಚೇರಿ ಭಾಷೆಯಲ್ಲಿ ಕೆಟಿಪಿಪಿ. 2000ದ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಸರ್ಕಾರದ ಇಲಾಖೆಗಳಿಗೆ ಮಾತ್ರವಲ್ಲ, ದಾವಣಗೆರೆ ಮಹಾನಗರ ಪಾಲಿಕೆ, ಹರಿಹರ ನಗರಸಭೆ, ಎರಡೂ ಊರಿಗೆ ಸೇರಿದ ನಗರಾಭಿವೃದ್ಧಿ ಪ್ರಾಧಿಕಾರ, ಸರ್ಕಾರಿ ಕಂಪನಿಗಳು, ಎಲ್ಲಕ್ಕೂ ಅನ್ವಯ. ಟೆಂಡರ್ ಕರೆಯದೆ ಖರೀದಿ ಮಾಡಬಾರದು ಎಂಬುದು ಅದರ 5ನೇ ಕಲಂ. ಸರಕು, ಕಾಮಗಾರಿ, ಸೇವೆ ಮೂರೂ ಅದರೊಳಗೆ ಬರುತ್ತವೆ. ಕಂಪ್ಯೂಟರ್ ಸರಕು, ಅದನ್ನು ನಡೆಸಿಕೊಡುವುದು ಸೇವೆ.

ಬಾಗಿಲು 5ನೇ ಕಲಮಿನಲ್ಲಿದ್ದರೆ ಕಿಂಡಿಗಳು 4ನೇ ಕಲಮಿನಲ್ಲಿವೆ. ನೈಸರ್ಗಿಕ ವಿಕೋಪ ಅಥವಾ ತುರ್ತು ಇದ್ದರೆ, ವಸ್ತು ಒಬ್ಬನ ಬಳಿ ಮಾತ್ರ ಸಿಗುವುದಾದರೆ, ಮೊತ್ತ ತೀರ ಚಿಕ್ಕದಾದರೆ ಟೆಂಡರ್ ಬೇಡ. ಇವು ಅರ್ಥವಾಗುವ ಮಾತು. ಕೊನೆಗೊಂದು 4(ಜಿ) ಇದೆ: ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಖರೀದಿಗೆ ವಿನಾಯಿತಿ ಕೊಡಬಹುದು. ಗುತ್ತಿಗೆದಾರರ ಬಾಯಲ್ಲಿ ‘ಫೋರ್ ಜಿ’ ಎಂದರೆ ಮೊಬೈಲ್ ನೆಟ್‌ವರ್ಕ್ ಅಲ್ಲ, ಇದು. ಮಾಹಿತಿ ತಂತ್ರಜ್ಞಾನದ ಕೆಲಸಗಳು ಈ ಕಿಂಡಿಯಲ್ಲಿ ನುಸುಳಿದ್ದು ಕಡಿಮೆಯಲ್ಲ. ವಿನಾಯಿತಿ ತಪ್ಪಲ್ಲ, ಆದರೆ ಅಧಿಸೂಚನೆ ಇಲ್ಲದ ವಿನಾಯಿತಿ ವಿನಾಯಿತಿಯೇ ಅಲ್ಲ. ಆದ್ದರಿಂದ ‘ಇದನ್ನು ಫೋರ್ ಜಿಯಲ್ಲಿ ಮಾಡಿದ್ದು’ ಎಂದು ಯಾರಾದರೂ ಹೇಳಿದರೆ, ಅಧಿಸೂಚನೆಯ ಸಂಖ್ಯೆ, ದಿನಾಂಕ ಕೇಳಿ. ಅದನ್ನು ಗುಟ್ಟಾಗಿಡಲು ಕಾರಣವೇ ಇಲ್ಲ. ಚಿಕ್ಕ ಮೊತ್ತದ ಕಿಂಡಿಯನ್ನು ಬಳಸಲು ಒಂದೇ ಕೆಲಸವನ್ನು ನಾಲ್ಕು ತುಂಡು ಮಾಡಿ ನಾಲ್ಕು ಕೊಟೇಶನ್ನಿನಲ್ಲಿ ಮುಗಿಸುವ ಚಾಳಿಯೂ ಹಳೆಯದು. ಒಂದೇ ತಿಂಗಳಲ್ಲಿ, ಒಂದೇ ಅಂಗಡಿಯಿಂದ, ಮಿತಿಗೆ ನಾಲ್ಕು ಕಾಸು ಕಡಿಮೆ ಇರುವ ಬಿಲ್ಲುಗಳು ಕಂಡರೆ ಅನುಮಾನ ಪಡಲು ಅಷ್ಟು ಸಾಕು.

ಟೆಂಡರುಗಳು ಈಗ ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲಿ, ಅಂದರೆ ಕೆಪಿಪಿಪಿಯಲ್ಲಿ ಬರುತ್ತವೆ. ಇಲಾಖೆಯ ಹೆಸರು ಹಾಕಿ ಹುಡುಕಿದರೆ ಟೆಂಡರ್ ಪ್ರಕಟಣೆ ಸಿಗುತ್ತದೆ. ಬಿಡ್ ಹಾಕುವವನೇ ಆಗಬೇಕೆಂದಿಲ್ಲ, ಕುತೂಹಲ ಇದ್ದರೆ ಸಾಕು. ನೋಡುವಾಗ ಎರಡು ಕಡೆ ಕಣ್ಣಿಡಿ. ಒಂದು, ಬಿಡ್ ಸಲ್ಲಿಸಲು ಕೊಟ್ಟ ಅವಧಿ. 2000ದ ನಿಯಮಗಳು ಇದಕ್ಕೆ ಕನಿಷ್ಠ ದಿನಗಳನ್ನು ಗೊತ್ತು ಮಾಡಿವೆ. ತಿದ್ದುಪಡಿಯಲ್ಲಿ ಇವು ಬದಲಾಗುವುದುಂಟು, ಟೆಂಡರಿನ ದಿನ ಜಾರಿಯಲ್ಲಿದ್ದ ನಿಯಮವನ್ನೇ ನೋಡಬೇಕು. ಅದಕ್ಕಿಂತ ಕಡಿಮೆ ಕೊಟ್ಟಿದ್ದರೆ ಮೇಲಧಿಕಾರಿ ಕಾರಣ ಬರೆದಿರಬೇಕು. ಇನ್ನೊಂದು, ಅರ್ಹತೆಯ ಷರತ್ತು. ಇಂಥದೇ ಕೆಲಸ, ಇಷ್ಟೇ ಮೊತ್ತದ್ದು, ಇಷ್ಟೇ ವರ್ಷದೊಳಗೆ, ಇಂಥ ಪ್ರಮಾಣಪತ್ರದ ಜೊತೆಗೆ ಎಂದು ಷರತ್ತು ಕಿರಿದಾಗುತ್ತಾ ಹೋಗಿ ಕೊನೆಗೆ ಒಬ್ಬನ ಅಳತೆಗೆ ಹೊಲಿದ ಅಂಗಿಯಂತೆ ಕಂಡರೆ, ಬಿಡ್‌ಪೂರ್ವ ಸಭೆಯಲ್ಲೇ ಲಿಖಿತ ಆಕ್ಷೇಪ ಹಾಕುವುದು ಸ್ಥಳೀಯ ಉದ್ಯಮಿಗಳಿಗೆ ಇರುವ ಮೊದಲ ದಾರಿ. ಟೆಂಡರ್ ಇನ್ನೊಬ್ಬರಿಗೆ ಆದ ಮೇಲೆ, ಬಿಡ್ ಹಾಕಿ ನೊಂದವರು 16ನೇ ಕಲಮಿನಡಿ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಈ ಮೇಲ್ಮನವಿ ಬಿಡ್‌ದಾರರಿಗೆ ಮಾತ್ರ. ನಾನು, ನೀವು, ಮಲೇಬೆನ್ನೂರಿನ ಅಜ್ಜ ಅಲ್ಲಿಗೆ ಹೋಗುವಂತಿಲ್ಲ. ಇದು ಕಾಯ್ದೆಯ ಕೊರತೆ ಎಂದೇ ನನ್ನ ಅಭಿಪ್ರಾಯ.

(ಟೆಂಡರ್ ಜಾಲವೂ ಸಾಫ್ಟ್‌ವೇರೇ ತಾನೆ. 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಗೇ ಕನ್ನ ಹಾಕಿ, ಬಿಡ್‌ದಾರರು ಇಟ್ಟ ಠೇವಣಿಯಲ್ಲಿ ಸುಮಾರು 11.5 ಕೋಟಿ ರೂಪಾಯಿ ಲಪಟಾಯಿಸಿದ್ದರು. ಬೇಲಿಗೇ ಕಾವಲು ಬೇಕಾದ ಕತೆ.)

ನಮಗೆ, ಅಂದರೆ ಬಿಡ್ ಹಾಕದ ಜನಕ್ಕೆ, ಇರುವ ಅಸ್ತ್ರ ಮಾಹಿತಿ ಹಕ್ಕು ಕಾಯ್ದೆ, 2005. ಇದನ್ನು ಹೇಗೆ ಬಳಸಬೇಕೆಂದು ದಾವಣಗೆರೆಯ ಉದಾಹರಣೆಯಿಂದಲೇ ನೋಡೋಣ. 2016ರ ಜನವರಿಯಲ್ಲಿ ಕೇಂದ್ರ ಪ್ರಕಟಿಸಿದ ಮೊದಲ 20 ಸ್ಮಾರ್ಟ್ ಸಿಟಿಗಳಲ್ಲಿ ಕರ್ನಾಟಕದ ಪಾಲಿಗೆ ಬಂದವು ದಾವಣಗೆರೆ ಮತ್ತು ಬೆಳಗಾವಿ. ಕೆಲಸ ಮಾಡಲು ದಾವಣಗೆರೆ ಸ್ಮಾರ್ಟ್ ಸಿಟಿ ಲಿಮಿಟೆಡ್ ಎಂಬ ಕಂಪನಿ ಆಯಿತು. ಮಿಷನ್ನಿನ ಮಾರ್ಗಸೂಚಿ ಪ್ರಕಾರ ಇಂಥ ಕಂಪನಿಯಲ್ಲಿ ರಾಜ್ಯಕ್ಕೂ ಪಾಲಿಕೆಗೂ ಸಮಪಾಲು. ಕ್ಯಾಮೆರಾ, ಕಮಾಂಡ್ ಕಂಟ್ರೋಲ್ ಕೇಂದ್ರ, ತೆರೆಗಳು, ತಂತುಗಳು, ಎಲ್ಲ ಬಂದವು. ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿಯಿತು. ಯಂತ್ರ ಕೊಂಡಾಗ ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ಗ್ಯಾರಂಟಿ ಮುಗಿದಾಗ ಯಾರೂ ಬರೆಯುವುದಿಲ್ಲ. ಈಗ ಕೇಳಬೇಕಾದ ಪ್ರಶ್ನೆ ಅಲ್ಲಿದೆ: ನಿರ್ವಹಣೆಯ ಕರಾರು ಎಷ್ಟು ವರ್ಷದ್ದು, ಅದಾದ ಮೇಲೆ ದುಡ್ಡು ಯಾರ ಜೇಬಿನಿಂದ? ಪಾಲಿಕೆಯದಾದರೆ ಅದು ನಮ್ಮ ಮನೆ ಕಂದಾಯ.

‘ನಮ್ಮದು ಕಂಪನಿ, ಮಾಹಿತಿ ಹಕ್ಕು ಬರುವುದಿಲ್ಲ’ ಎಂಬ ಉತ್ತರಕ್ಕೆ ಹೆದರಬೇಡಿ. ಸರ್ಕಾರದ ಒಡೆತನ ಅಥವಾ ಗಣನೀಯ ಹಣ ಇರುವ ಸಂಸ್ಥೆ 2(ಎಚ್) ಕಲಮಿನ ಪ್ರಕಾರ ಸಾರ್ವಜನಿಕ ಪ್ರಾಧಿಕಾರವೇ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ‘ಸಂಪೂರ್ಣ ಮಾಹಿತಿ ಕೊಡಿ’ ಎಂದು ಬರೆದರೆ ಸಂಪೂರ್ಣ ಏನೂ ಸಿಗುವುದಿಲ್ಲ. ಹೀಗೆ ಬರೆಯಿರಿ: ‘ಇಂಥ ಸೇವೆಯ ನಿರ್ವಹಣೆಗೆ ಸಂಬಂಧಿಸಿ ಗುತ್ತಿಗೆದಾರರೊಂದಿಗೆ ಆದ ಕರಾರಿನ ಪ್ರತಿ, ಸೇವಾ ಮಟ್ಟದ ಷರತ್ತುಗಳ ಅನುಬಂಧ ಸಹಿತ. ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಸಲ್ಲಿಕೆಯಾದ ಸೇವಾ ಮಟ್ಟದ ವರದಿಗಳು. ಅದೇ ಅವಧಿಯ ಬಿಲ್ಲುಗಳು ಮತ್ತು ಕಡಿತ ಮಾಡಿದ ದಂಡದ ವಿವರ. ಈ ಕಡತದ ಪರಿಶೀಲನೆಗೆ ಅವಕಾಶ.’ ಅಷ್ಟೇ. ಏಕೆ, ಹೇಗೆ ಎಂದು ವಾದ ಹೂಡಬೇಡಿ, ಕಾಗದ ಕೇಳಿ.

ಉತ್ತರಕ್ಕೆ 30 ದಿನ. ಬಿಡ್‌ಗಳ ಮೌಲ್ಯಮಾಪನ ನಡೆಯುವಾಗ ವಿವರಗಳನ್ನು ಗೋಪ್ಯವಾಗಿಡುವುದು ನಿಯಮ, ಹಾಗಾಗಿ ಕಾರ್ಯಾದೇಶ ಆದ ಮೇಲೆ ಕೇಳುವುದು ಜಾಣತನ. ಗುತ್ತಿಗೆದಾರರ ವ್ಯಾಪಾರ ಗುಟ್ಟು ಎಂದು 8(1)(ಡಿ) ತೋರಿಸಿ ನಿರಾಕರಿಸುವುದುಂಟು. ಸಾಫ್ಟ್‌ವೇರಿನ ಒಳಬರಹ ಗುಟ್ಟಾಗಿರಬಹುದು. ಸರ್ಕಾರ ಕೊಟ್ಟ ದರ, ಹಾಕಿದ ದಂಡ ಹೇಗೆ ಗುಟ್ಟಾಗುತ್ತದೆ? ಹೊರಗಿನ ಕಂಪನಿಯ ಅಭಿಪ್ರಾಯ ಕೇಳಬೇಕಿದ್ದರೆ 11ನೇ ಕಲಮಿನಂತೆ ಒಟ್ಟು 40 ದಿನದಲ್ಲಿ ತೀರ್ಮಾನ ಆಗಬೇಕು. ಉತ್ತರ ಬರದಿದ್ದರೆ ಅದೇ ಸಂಸ್ಥೆಯ ಮೇಲಧಿಕಾರಿಗೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗದಲ್ಲಿ ಸರದಿ ಬರಲು ತಾಳ್ಮೆ ಬೇಕು, ಅದನ್ನು ಮುಚ್ಚಿಡುವುದಿಲ್ಲ.

ಸರ್ವರ್ ಯಾರದು ಎನ್ನುವುದೇ ಎಷ್ಟೋ ಸಲ ಗೊಂದಲ. ಹರಿಹರ ನಗರಸಭೆಯ ಕೌಂಟರಿನಲ್ಲಿ ಇ-ಖಾತೆ ಬರದಿದ್ದರೆ ಬೈಗುಳ ಅಲ್ಲಿನ ಸಿಬ್ಬಂದಿಗೆ. ಆದರೆ ಇ-ಆಸ್ತಿ ತಂತ್ರಾಂಶದ ಉಸ್ತುವಾರಿ ಬೆಂಗಳೂರಿನ ಪೌರಾಡಳಿತ ನಿರ್ದೇಶನಾಲಯದ್ದು. 2025ರ ಆರಂಭದಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ರಾಜ್ಯದುದ್ದಕ್ಕೂ ಕೈಕೊಟ್ಟಾಗ, ಜಾಲಕ್ಕೆ ಸುಳ್ಳು ಕೋರಿಕೆಗಳ ಮಳೆ ಸುರಿಸಿ ದಾಳಿ ಮಾಡಿದ್ದಾರೆಂದು ಸರ್ಕಾರ ಹೇಳಿತು, ಪೊಲೀಸ್ ದೂರೂ ಆಯಿತು. ಉಪನೋಂದಣಿ ಕಚೇರಿಯ ಬಾಗಿಲಲ್ಲಿ ಸಾಕ್ಷಿಗಳ ಜೊತೆ ಕಾದು ಕೂತವರಿಗೆ ಇದು ಗೊತ್ತಾದದ್ದು ಪತ್ರಿಕೆ ಓದಿ. ನಿಮ್ಮ ಅರ್ಜಿ ತಪ್ಪು ಕಚೇರಿಗೆ ಹೋದರೂ ಚಿಂತೆಯಿಲ್ಲ: 6(3) ಕಲಮಿನ ಪ್ರಕಾರ ಅವರೇ 5 ದಿನದಲ್ಲಿ ಸರಿಯಾದ ಕಚೇರಿಗೆ ಕಳಿಸಬೇಕು.

ಕರಾರು ಓದುವುದು ಸರಿ, ಈ ಹೊತ್ತಿನ ಕೆಲಸ ಆಗುವುದು ಹೇಗೆ? ಅದಕ್ಕೆ ಸಕಾಲ. 2011ರ ಕಾಯ್ದೆ, ಗೊತ್ತು ಮಾಡಿದ ದಿನದೊಳಗೆ ಸೇವೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ಇಲ್ಲೊಂದು ತಮಾಷೆ ಇದೆ. ಸಕಾಲದ ಗಡಿಯಾರ ಶುರುವಾಗುವುದು ಅರ್ಜಿಯ ಸಂಖ್ಯೆ ಬಂದಾಗ. ಸಂಖ್ಯೆ ಕೊಡುವುದು ಅದೇ ಕಂಪ್ಯೂಟರ್. ಸರ್ವರ್ ಇಲ್ಲದಿದ್ದರೆ ವಿಳಂಬವೂ ದಾಖಲಾಗುವುದಿಲ್ಲ! ಅಂಥ ದಿನ ವಾಪಸ್ ಬರಬೇಡಿ. ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ‘ಇಂದು ಸರ್ವರ್ ಇಲ್ಲವೆಂದು ತಿಳಿಸಿದ್ದಾರೆ’ ಎಂಬ ಒಂದು ಸಾಲು ಸೇರಿಸಿ, ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ದಿನಾಂಕ ಹಾಕಿಸಿಕೊಳ್ಳಿ. ಮುಂದೆ ಸಕ್ಷಮ ಅಧಿಕಾರಿಯ ಮುಂದೆ ಮೇಲ್ಮನವಿ ಹಾಕುವಾಗ ಆ ಮೊಹರಿನ ಬೆಲೆ ತಿಳಿಯುತ್ತದೆ.

ಹಳ್ಳಿಗಳಲ್ಲಿ ಈಗ ಗ್ರಾಮ ಒನ್. ಅದು ಪ್ರಾಯೋಗಿಕವಾಗಿ ಕಣ್ಣುಬಿಟ್ಟದ್ದು ನಮ್ಮ ದಾವಣಗೆರೆ ಜಿಲ್ಲೆಯಲ್ಲೇ. 2022ರ ಜನವರಿಯಲ್ಲಿ 12 ಜಿಲ್ಲೆಗಳಿಗೆ ಹಬ್ಬಿತು. ಕೇಂದ್ರ ನಡೆಸುವವರು ಸರ್ಕಾರಿ ನೌಕರರಲ್ಲ, ಫ್ರಾಂಚೈಸಿ ಪಡೆದವರು. ದರಪಟ್ಟಿ ನೋಡಿ, ರಸೀದಿ ಕೇಳಿ. ರಸೀದಿಯಲ್ಲಿ ಇಲ್ಲದ ಹಣ ಕೇಳಿದರೆ ಜಿಲ್ಲಾಧಿಕಾರಿ ಕಚೇರಿಗೆ ದೂರು ಕೊಡಿ. ಇನ್ನು ಅವರ ಕೈಗೆ ಕೊಟ್ಟ ಆಧಾರ್, ಪಹಣಿ, ಫೋನ್ ನಂಬರಿನ ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ 8ನೇ ಕಲಂ ಹೇಳುವುದಿಷ್ಟು: ಕೆಲಸವನ್ನು ಹೊರಗಿನವರಿಗೆ ಒಪ್ಪಿಸಿದರೂ ದತ್ತಾಂಶದ ಹೊಣೆ ಒಪ್ಪಿಸಿದವರದ್ದೇ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಗಡುವಿದೆ.

ಕೌಂಟರಿನ ಆ ಕಡೆ ಕೂತವಳ ಬಗ್ಗೆಯೂ ಒಂದು ಮಾತು. ಡೇಟಾ ಎಂಟ್ರಿ ಹುಡುಗಿ ಬಹುತೇಕ ಹೊರಗುತ್ತಿಗೆಯವಳು, ಸಂಬಳ ಏಜೆನ್ಸಿಯಿಂದ. ಏಜೆನ್ಸಿ ಸಂಬಳ ಹಿಡಿದರೆ, ಕೆಲಸ ಮಾಡಿಸಿಕೊಂಡ ಕಚೇರಿಯೇ ಅದನ್ನು ಕೊಟ್ಟು ಏಜೆನ್ಸಿಯ ಬಿಲ್ಲಿನಲ್ಲಿ ಹಿಡಿದುಕೊಳ್ಳಬೇಕು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿದ್ದ ಈ ರಕ್ಷಣೆ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಉಳಿದಿದೆ. ಪಿಎಫ್ ಸಂಖ್ಯೆ ಕೇಳಿಟ್ಟುಕೊಂಡು ಕಂತು ಜಮಾ ಆಗಿದೆಯೇ ಎಂದು ಮೊಬೈಲಿನಲ್ಲೇ ನೋಡಬಹುದು, ನೋಡಬೇಕು.

ಕಾಗದಗಳು ಕೈಗೆ ಬಂದು ಅಕ್ರಮ ಕಂಡರೆ ಲೋಕಾಯುಕ್ತ. 1984ರ ಕಾಯ್ದೆಯಡಿ ದೂರಿಗೆ ಗೊತ್ತಾದ ನಮೂನೆ ಇದೆ, ಜೊತೆಗೆ ಪ್ರಮಾಣಪತ್ರ (ಅಫಿಡವಿಟ್) ಬೇಕು. ಆರೋಪಕ್ಕೆ 5 ವರ್ಷದ ಮಿತಿ, ಕುಂದುಕೊರತೆಗೆ 6 ತಿಂಗಳು. ಸಿಟ್ಟಿನಲ್ಲಿ ಬರೆದ ನಾಲ್ಕು ಪುಟಕ್ಕಿಂತ ದೃಢೀಕೃತ ಪ್ರತಿಯ ಒಂದು ಪುಟ ಅಲ್ಲಿ ಹೆಚ್ಚು ಮಾತಾಡುತ್ತದೆ.

ನನ್ನ ಖಾತೆ ನಕಲು ಕೊನೆಗೂ ಬಂತು. ಮಾಹಿತಿ ಹಕ್ಕಿನಲ್ಲಿ ನಾನು ಕೇಳಿದ್ದ ಕಡತ ಪರಿಶೀಲನೆಯ ಪತ್ರ ಅದಕ್ಕಿಂತ ತಡವಾಗಿ. ಮೊದಲ ಒಂದು ಗಂಟೆ ಪರಿಶೀಲನೆಗೆ ಶುಲ್ಕವಿಲ್ಲ, ಅಷ್ಟರಲ್ಲೇ ಮುಗಿಸುವ ಜಿಪುಣತನದಿಂದ ಹಾಳೆ ತಿರುವಿದೆ. ಸೇವಾ ಮಟ್ಟದ ವರದಿ ಸಿಕ್ಕಿತು. ಕಂಬಸಾಲಿನಲ್ಲಿ ದಿನಾಂಕಗಳು, ಪಕ್ಕದಲ್ಲಿ ಶೇಕಡಾ. ಎಲ್ಲ ದಿನವೂ ನೂರು. ನಾನು ಫೋಟೊ ತೆಗೆದ ದಿನದ ಮುಂದೆಯೂ ನೂರು, ಷರಾ ಅಂಕಣದಲ್ಲಿ ‘ಅಡಚಣೆ ಇಲ್ಲ’. ಎದುರು ಕೂತ ಗುಮಾಸ್ತರಿಗೆ ಮೊಬೈಲಿನ ರಟ್ಟು ತೋರಿಸಿದೆ. ಅವರು ಕನ್ನಡಕ ಮೇಲೇರಿಸಿ ನೋಡಿ, ‘ಇದು ನಮ್ದೇ ಬೋರ್ಡ್’ ಎಂದರು. ಆ ಪುಟದ ದೃಢೀಕೃತ ಪ್ರತಿ ಬೇಕು ಎಂದೆ. ಎರಡು ರೂಪಾಯಿ ಆಯಿತು.